ಇಳಕಲ್ಲಿಗೆ ಹೋದ ರೈಲು, ತಿರುವಿನಲ್ಲಿದ್ದ ಬೋರ್ಡು

ರೈಲ್ವೆ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬಂದು, "ಸರ್, ಸ್ಟೇಷನ್ ಮಾಸ್ತರ್ ಕೆಲಸ ಹೆಂಗಿರತೈತ್ರಿ?" ಎಂದು ಕೇಳುತ್ತಾರೆ. ಭಾಳ ಸುಖದ ಕೆಲಸ ಎಂದು ಹೇಳಿ, ಚಹಾ ಕುಡಿಸಿ ಕಳಿಸುತ್ತೇನೆ. ಮನೆಗೆ ಬಂದವರಿಗೆ ನಿಜ ಹೇಳಿ ಹೆದರಿಸುವುದು ಒಳ್ಳೆಯ ನಡತೆಯಲ್ಲ. ಬರೆದಿಟ್ಟರೆ ಅಡ್ಡಿಯಿಲ್ಲ. ಓದುವವರು ಹೇಗೂ ಕಡಿಮೆ.

ನನ್ನ ಬಡ್ತಿಗಳ ವಿಷಯ ಇಲ್ಲಿ ಬರುವುದಿಲ್ಲ. ನನಗಿಂತ ಹಿರಿಯರು ಒಬ್ಬೊಬ್ಬರಾಗಿ ನಿವೃತ್ತರಾದರು, ನಾನು ಒಂದೊಂದು ಮೆಟ್ಟಿಲು ಮೇಲೆ ಹೋದೆ. ಅದರಲ್ಲಿ ನನ್ನ ಶ್ರಮವೇನೂ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ನನ್ನನ್ನು ಬಾದಾಮಿಗೂ ಬಾಗಲಕೋಟೆಗೂ ನಡುವಿನ ಒಂದು ಸಣ್ಣ ಸ್ಟೇಷನ್ನಿಗೆ ಹಾಕಿದರು. ಹೆಸರು ಹೇಳುವುದಿಲ್ಲ. ಮೀಟರ್‌ಗೇಜ್ ಹಳಿ, ಉಗಿ ಇಂಜಿನ್ನು, ಎರಡು ಬೇವಿನ ಗಿಡ, ಒಂದು ಕಲ್ಲಿನ ಬೆಂಚು. ತರಬೇತಿಯಲ್ಲಿ ನಮಗೆ ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿಸಿದ್ದರು. ರೈಲನ್ನು ಮಾತ್ರ ತೋರಿಸಿರಲಿಲ್ಲ. ಓದಿನ ಮೇಲಿನ ಏಕಾಗ್ರತೆ ಕೆಡುತ್ತದೆ ಎಂದಿರಬೇಕು.

ಸೇರಿದ ಎರಡನೇ ವಾರವೇ ನನ್ನ ಪಾಂಡಿತ್ಯ ಬಯಲಿಗೆ ಬಂತು. ಒಂದೇ ಹಳಿಯ ಮೇಲೆ ಎರಡು ಗಾಡಿ ಎದುರುಬದುರು ಬರಬಾರದೆಂದು ಆಗ ಟೋಕನ್ ಎಂಬ ಏರ್ಪಾಡು ಇತ್ತು. ಅದೊಂದು ಕಬ್ಬಿಣದ ಗುಂಡು. ಚರ್ಮದ ಚೀಲದಲ್ಲಿ ಹಾಕಿ, ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಡಬೇಕು. ಅದು ಕೈಯಲ್ಲಿದ್ದರೆ ಮುಂದಿನ ಸ್ಟೇಷನ್ನಿನವರೆಗಿನ ದಾರಿ ಅವನೊಬ್ಬನದು. ಬಂದ ಡ್ರೈವರನಿಂದ ಹಿಂದಿನ ದಾರಿಯ ಗುಂಡನ್ನು ಇಸಿದುಕೊಂಡು ಯಂತ್ರದೊಳಗೆ ಹಾಕಬೇಕು. ಮುಂದಿನ ದಾರಿಯದನ್ನು ಬೇರೆ ಯಂತ್ರದಿಂದ ತೆಗೆದು ಕೊಡಬೇಕು. ಇಷ್ಟೇ ಕೆಲಸ. ನಾನು ಆ ದಿನ ಅವನು ಕೊಟ್ಟ ಗುಂಡನ್ನೇ ಬಹಳ ಗೌರವದಿಂದ ಅವನಿಗೆ ವಾಪಸು ಕೊಟ್ಟು, ಹಸಿರು ಬಾವುಟ ಬೀಸಿದೆ.

ಗಾಡಿ ಒಂದು ಫರ್ಲಾಂಗು ಹೋಗಿ ನಿಂತಿತು. ಡ್ರೈವರ್ ಫಕೀರಪ್ಪ ಇಳಿದು, ಬಳೆಯನ್ನು ಭುಜಕ್ಕೆ ಹಾಕಿಕೊಂಡು, ಬಿಸಿಲಲ್ಲಿ ನಡೆದುಕೊಂಡು ಬಂದ. ಕಲ್ಲಿದ್ದಲ ಮಸಿಯ ನಡುವೆ ಅವನ ಹಲ್ಲು ಮಾತ್ರ ಕಾಣುತ್ತಿದ್ದವು.

"ಮಾಸ್ತರ್ರ, ಇದನ್ನ ನಾನ ನಿಮಗ ಈಗರ ಕೊಟ್ಟಿದ್ದೆ. ನಿಮಗ ಪಸಂದ ಬರಲಿಲ್ಲೇನು?"

ಪ್ಲಾಟ್‌ಫಾರ್ಮಿನ ಮೇಲಿದ್ದ ಪಾಯಿಂಟ್ಸ್‌ಮನ್ ಮಾಳಪ್ಪ ನಗು ಬಂದು ಆ ಕಡೆ ಮುಖ ತಿರುಗಿಸಿದ. ಹಳಿ ಬದಲಿಸುವುದು, ಸಿಗ್ನಲ್ಲಿನ ಸನ್ನೆಗೋಲು ಎಳೆಯುವುದು ಅವನ ಕೆಲಸ. ಬೀರಪ್ಪ ದೇವರ ಒಕ್ಕಲಿನವನು. ಮನೆಯಲ್ಲಿ ಕುರಿ ಹಿಂಡಿತ್ತು. ಇಪ್ಪತ್ತು ವರ್ಷದಿಂದ ಅದೇ ಸ್ಟೇಷನ್ನಿನಲ್ಲಿದ್ದ. ನನ್ನಂಥ ಎಷ್ಟೋ ಮಾಸ್ತರರನ್ನು ಅವನು ಮೇಯಿಸಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಶಾಂತವ್ವನಿಗೆ ಇದನ್ನು ಹೇಳಿದೆ. ಅವಳು ಇಳಕಲ್ಲಿನ ನೇಕಾರರ ಮನೆಯ ಮಗಳು. ಒಂದು ಎಳೆ ತಪ್ಪಿದರೆ ಸೀರೆ ಕೆಡುತ್ತದೆ ಎಂಬ ಶಿಸ್ತಿನಲ್ಲಿ ಬೆಳೆದವಳು.

"ಮನ್ಯಾಗ ಕಲೀರಿ. ಇಲ್ಲಿ ತಪ್ಪಿದ್ರ ಯಾರೂ ಸಾಯಂಗಿಲ್ಲ," ಎಂದು ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದಳು. ಕಡ್ಡಿಪೆಟ್ಟಿಗೆಗಳು ಗಾಡಿಯಾದವು, ಎರಡು ಕಡಲೆಕಾಳು ಟೋಕನ್ ಆದವು. ಅವಳು ಬಾದಾಮಿ ಕಡೆಯ ಮಾಸ್ತರಳು. ಒಂಬತ್ತು ವರ್ಷದ ಮಗಳು ಸುವರ್ಣಾ ಬಾಗಲಕೋಟೆಯವಳು. ನಡುವೆ ನಾನು. ಮೊದಲ ದಿನ ನಾನು ಮೂರು ಅಪಘಾತ ಮಾಡಿದೆ. ಕೊನೆಯದರಲ್ಲಿ ಟೋಕನ್ ನುಂಗಿಬಿಟ್ಟೆ.

ನಮ್ಮ ಮನೆಯ ರೈಲು ಶುರುವಾದದ್ದು ಹೀಗೆ. ಮುಂದೆ ಅದು ನಮ್ಮೆಲ್ಲರಿಗೂ ಹತ್ತಿದ ಹುಚ್ಚಾಯಿತು.

ಶಾಂತವ್ವ ತವರಿಗೆ ಹೋದಾಗ ನೂಲಿನ ಹಳೆಯ ಕಟ್ಟಿಗೆ ರೀಲುಗಳನ್ನು ಒಂದು ಚೀಲ ತಂದಳು. ರೀಲನ್ನು ನಡುವೆ ಕೊಯ್ದರೆ ಅಂಚು ಇರುವ ಎರಡು ಗಾಲಿ ಸಿಗುತ್ತವೆ. ಛತ್ರಿಯ ಕಡ್ಡಿಗಳೇ ಹಳಿ. ಕೆರೂರ ಸಂತೆಯಲ್ಲಿ ಹಳೆಯ ಎಣ್ಣೆ ಡಬ್ಬಿ ಕೊಂಡು, ತಗಡು ಕತ್ತರಿಸಿ ಸಿಗ್ನಲ್ ಮಾಡಿದೆವು. ದಾರ ಎಳೆದರೆ ಅದರ ತಗಡಿನ ಕೈ ಇಳಿಯುತ್ತಿತ್ತು, ಬಿಟ್ಟರೆ ಅಡ್ಡ ನಿಲ್ಲುತ್ತಿತ್ತು. ನಿಜವಾದ ಸಿಗ್ನಲ್ಲಿನ ಹಾಗೆಯೇ, ಅಡ್ಡ ಇದ್ದರೆ ನಿಲ್ಲು, ಇಳಿದರೆ ಬಾ. ಮಾಳಪ್ಪ ಕುರಿಯ ಉಣ್ಣೆ ತುಂಬಿದ ಒಂದು ಗೂಡ್ಸ್ ಡಬ್ಬಿ ಮಾಡಿಕೊಟ್ಟ. ಕೆಟ್ಟ ಗಡಿಯಾರದ ಸ್ಪ್ರಿಂಗ್ ಹಾಕಿ ನಾನು ಇಂಜಿನ್ ಕಟ್ಟಿದೆ. ಅದು ನಾಲ್ಕು ಅಡಿ ಓಡಿ ನಿಲ್ಲುತ್ತಿತ್ತು. ಉಳಿದ ದಾರಿಗೆ ಸುವರ್ಣಾ ಕೈಯಿಂದ ನೂಕುತ್ತಿದ್ದಳು. ಖರೆ ಗಾಡಿಗಳಿಗಿಂತ ಅದು ಹೊತ್ತಿಗೆ ಸರಿಯಾಗಿ ಮುಟ್ಟುತ್ತಿತ್ತು.

ಸುವರ್ಣಾಳದು ವಿಪರೀತ ಹಟ. ಹಳಿಯ ಕೆಳಗಿನ ಹತ್ತು ಸ್ಲೀಪರಿಗೆ ಒಂದು ಬೆಂಕಿಕಡ್ಡಿಯ ಉದ್ದ ಎಂದು ಲೆಕ್ಕ ಹಾಕಿ, ನನ್ನ ಜೊತೆ ಹಳಿಯ ಗುಂಟ ನಡೆದು ಎಣಿಸಿಯೇ ನಮ್ಮ ಸ್ಟೇಷನ್ನಿನ ಅಂಗಳವನ್ನು ಹಲಗೆಯ ಮೇಲೆ ಕಟ್ಟಿಸಿದಳು. ಬೇವಿನ ಗಿಡ ಎಲ್ಲಿದೆಯೋ ಅಲ್ಲೇ ಇರಬೇಕು. ಖರೆ ಅಂಗಳದಲ್ಲಿ ಒಂದು ಕಲ್ಲು ಸರಿದರೆ ಸಂಜೆ ಹಲಗೆಯ ಮೇಲೂ ಒಂದು ಕಲ್ಲು ಸರಿಯುತ್ತಿತ್ತು. ನಮ್ಮವ್ವ ಗೋಡೆಗೆ ಒರಗಿ ಕೂತು ಪ್ರಯಾಣಿಕರ ಪರವಾಗಿ ತಕರಾರು ಮಾಡುತ್ತಿದ್ದಳು: "ಮುಂಜಾನಿಂದ ಕುಂತೇನಿ, ಬನಶಂಕರಿಗೆ ಇನ್ನೂ ಮುಟ್ಟಿಸವಲ್ರಿ."

ಶಾಂತವ್ವ ಮಾತ್ರ ಒಂದು ಷರತ್ತು ಹಾಕಿದಳು. "ನಮ್ಮ ಗಾಡಿ ಇಳಕಲ್ಲಿಗೆ ಹೋಗಬೇಕ್ರಿ."

"ಇಳಕಲ್ಲಿಗೆ ರೈಲ ಎಲ್ಲೈತಿ?"

"ಇಲ್ಲ ಅಂತನ ಹೇಳೂದು. ತವರಿಗೆ ಹೋಗಬೇಕಂದ್ರ ಬಸ್ಸು ಹುನಗುಂದದಾಗ ಕೆಟ್ಟು ನಿಂದರತೈತಿ. ರೈಲ್ವೆ ಮಾಸ್ತರನ ಹೆಂಡತಿ ಆಗಿ ಏನ ಸುಖಾ ಕಂಡೆ?"

ಹೀಗೆ ಬಾಗಲಕೋಟೆಯಿಂದ ಹುನಗುಂದದ ಮೇಲೆ ಇಳಕಲ್ಲಿಗೆ, ಅಡಿಗೆಮನೆಯ ಹೊಸ್ತಿಲು ದಾಟಿ, ಒಂದು ರೈಲು ಮಾರ್ಗ ಹಾಕಿದೆ. ಸರ್ವೇ ಇಲ್ಲ, ಶಂಕುಸ್ಥಾಪನೆ ಇಲ್ಲ. ಎರಡು ಭಾನುವಾರದಲ್ಲಿ ಕೆಲಸ ಮುಗಿಯಿತು.

ಈಗ ನಮ್ಮ ಇನ್ಸ್‌ಪೆಕ್ಟರ್ ಸಾಹೇಬರ ವಿಷಯ. ಹೆಸರು ಬೇಡ. ಮೈಸೂರು ಕಡೆಯವರು. ಶುದ್ಧ ಕನ್ನಡದಲ್ಲಿ ಬೈಯುತ್ತಿದ್ದುದರಿಂದ ಬೈಸಿಕೊಂಡವರಿಗೆ ಅರ್ಧ ದಿನದ ನಂತರ ಗೊತ್ತಾಗುತ್ತಿತ್ತು. ಅವರಿಗೆ ರೈಲಿಗಿಂತ ಬಣ್ಣದ ಮೇಲೆ ಪ್ರೀತಿ. ತಪಾಸಣೆಗೆ ಬಂದರೆ ಸುಣ್ಣ ಹಚ್ಚಿದ ಕಲ್ಲುಗಳನ್ನು ಎಣಿಸುವರು, ಬೆಂಕಿ ಆರಿಸುವ ಕೆಂಪು ಬಕೆಟ್ಟುಗಳನ್ನು ಉಗುರಿನಿಂದ ಕೆರೆದು ನೋಡುವರು. ಒಂದು ಸಲ ಬಕೆಟ್ಟಿನ ಮರಳಿನಲ್ಲಿ ಕೊತ್ತಂಬರಿ ಬೆಳೆದಿತ್ತು. ಅದು ಶಾಂತವ್ವನ ಕೆಲಸ. "ಏನ್ರೀ ಇದು?" ಎಂದರು. "ಬೆಂಕಿ ಹತ್ತಿಲ್ರಿ, ಅದಕ್ಕ ಬೆಳದೈತಿ," ಎಂದ ಮಾಳಪ್ಪ.

ಅದೇ ದಿನ ನೀರು ಕುಡಿಯಲು ಕ್ವಾರ್ಟರ್ಸಿಗೆ ಬಂದವರು ನಮ್ಮ ರೈಲನ್ನು ಕಂಡರು. ನೀರು ಕುಡಿದು ಹೋದರು. ವಾರದ ನಂತರ ಮೆಮೊ ಬಂತು. ಸರಕಾರಿ ವಸತಿಯಲ್ಲಿ ಅನಧಿಕೃತವಾಗಿ ರೈಲು ಮಾರ್ಗ ನಿರ್ಮಿಸಿ, ಮಂಜೂರಾತಿ ಇಲ್ಲದ ಊರುಗಳಿಗೆ ವಿಸ್ತರಿಸಿರುವುದಕ್ಕೆ ವಿವರಣೆ ಕೊಡಬೇಕಂತೆ. ನಾನು ಹೆದರಿದೆ. ಉತ್ತರವನ್ನು ಶಾಂತವ್ವ ಹೇಳಿದಳು, ನಾನು ಬರೆದೆ: 'ಸರಕಾರದ ರೈಲು ಇಳಕಲ್ಲಿಗೆ ಮುಟ್ಟಿದ ದಿನ ನಮ್ಮದನ್ನು ಕಿತ್ತು ಹಾಕುತ್ತೇವೆ.' ಅದಕ್ಕೆ ಮರು ಉತ್ತರ ಬರಲಿಲ್ಲ.

ಆ ಬೇಸಿಗೆಯಲ್ಲಿ ಮೇಲಿನ ಒಬ್ಬ ದೊಡ್ಡ ಅಧಿಕಾರಿ ಆ ದಾರಿಯಲ್ಲಿ ಹೋಗುವವರಿದ್ದರು. ಇನ್ಸ್‌ಪೆಕ್ಟರ್ ಸಾಹೇಬರಿಗೆ ಒಂದು ವಿಚಾರ ಹೊಳೆಯಿತು. ಸ್ಟೇಷನ್ನಿನ ಹೊರಗೆ, ಬಾದಾಮಿ ಕಡೆಯ ತಿರುವಿನಲ್ಲಿ, ಎರಡು ಎತ್ತರದ ಕಂಬ ನೆಟ್ಟು ದೊಡ್ಡ ತಗಡಿನ ಬೋರ್ಡು ನಿಲ್ಲಿಸಿದರು. ಅಧಿಕಾರಿಗೆ ಗಾಡಿಯ ಕಿಟಕಿಯಿಂದ ಓದಲು ಬರಬೇಕಲ್ಲ. ಮೊಳ ಉದ್ದದ ಅಕ್ಷರಗಳಲ್ಲಿ ಬರೆಸಿದ್ದರು: 'ಸುರಕ್ಷತೆಯೇ ನಮ್ಮ ಮೊದಲ ಕರ್ತವ್ಯ.' ನಂತರ ನನ್ನ ಮುಂದೆ ರಿಜಿಸ್ಟರ್ ಹಿಡಿದರು. ಬೋರ್ಡಿನಿಂದ ಸಿಗ್ನಲ್ ಕಾಣಲು ಅಡ್ಡಿಯಿಲ್ಲ ಎಂದು ಒಂದು ಸಾಲು ಬರೆದಿತ್ತು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ನೋಡಿದೆ. ಸಿಗ್ನಲ್ ಚೆನ್ನಾಗಿ ಕಾಣುತ್ತಿತ್ತು. ಸಹಿ ಮಾಡಿದೆ. ಸಿಗ್ನಲ್ಲನ್ನು ನೋಡಬೇಕಾದವನು ಪ್ಲಾಟ್‌ಫಾರ್ಮಿನ ಮೇಲೆ ನಿಂತಿರುವುದಿಲ್ಲ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ಸುವರ್ಣಾ ಸಾಲಿಯಿಂದ ಬಂದವಳೇ ಹೋಗಿ ಬೋರ್ಡು ನೋಡಿ, ಅಳತೆ ಹಿಡಿದು, ಸಂಜೆಯೊಳಗೆ ಹಲಗೆಯ ಮೇಲೂ ಅಂಥದ್ದೊಂದು ನಿಲ್ಲಿಸಿದಳು. ಅಕ್ಷರ ಸಹ ಬರೆದಳು. ಆಮೇಲೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಇಂಜಿನ್ನಿನ ಹಿಂದೆ ಕಣ್ಣಿಟ್ಟು ನೋಡುತ್ತಾ ಹೇಳಿದಳು:

"ಅಪ್ಪಾ, ಇಲ್ಲಿಂದ ಕೈ ಕಾಣಂಗಿಲ್ಲ."

ನಾನು ಪೇಪರ್ ಓದುತ್ತಿದ್ದೆ. "ಸುಮ್ನ ಆಡು," ಎಂದೆ.

"ಖರೇನ ಕಾಣಂಗಿಲ್ಲಪಾ. ನೀನೂ ಮಲಗಿ ನೋಡು."

"ಸುಮ್ನ ಆಡಂದ್ನೆಲ್ಲ?"

ದೊಡ್ಡ ಅಧಿಕಾರಿ ಬಂದರು. ತಿರುವು ಬಂದಾಗ ಅವರಿಗೆ ನಿದ್ದೆ ಹತ್ತಿತ್ತಂತೆ. ಬೋರ್ಡು ಹಾಗೇ ಉಳಿಯಿತು.

ಹದಿನೈದು ದಿನದ ಮೇಲೆ, ಮಧ್ಯಾಹ್ನ ಮೂರರ ಸುಮಾರಿಗೆ, ಪ್ಲಾಟ್‌ಫಾರ್ಮಿನ ಹಳಿಯ ಮೇಲೆ ನಾಲ್ಕು ಖಾಲಿ ಡಬ್ಬಿಗಳು ನಿಂತಿದ್ದವು. ಅವುಗಳ ಇಂಜಿನ್ನು ನೀರಿಗೆ ಹೋಗಿತ್ತು. ಬಾದಾಮಿ ಕಡೆಯಿಂದ ಪ್ಯಾಸೆಂಜರ್ ಬರುವುದಿತ್ತು. ಹಳಿ ತೆರವಾಗುವವರೆಗೆ ಅದನ್ನು ಹೊರಗೆ ನಿಲ್ಲಿಸಲು ಸಿಗ್ನಲ್ಲಿನ ಕೈ ಅಡ್ಡ ಇತ್ತು. ಮಾಳಪ್ಪ ಸನ್ನೆಯ ಪಕ್ಕದಲ್ಲೇ ಕೂತಿದ್ದ. ನಾನು ಒಳಗೆ ಫೋನಿನಲ್ಲಿದ್ದೆ. ಸೀಟಿ ಕೇಳಿಸಿತು. ಅದು ಬಹಳ ಹತ್ತಿರದಲ್ಲಿ ಕೇಳಿಸಿತು. ಹೊರಗೆ ಓಡಿ ಬಂದರೆ ಇಂಜಿನ್ನು ಸಿಗ್ನಲ್ ದಾಟಿ, ಗಾಲಿಗಳಿಂದ ಕಿಡಿ ಹಾರಿಸುತ್ತಾ ಒಳಗೆ ಬರುತ್ತಿತ್ತು. ಮಾಳಪ್ಪ ಕೆಂಪು ಬಾವುಟ ಹಿಡಿದು ಹಳಿಯ ಮೇಲೆಯೇ ಎದುರಿಗೆ ಓಡಿದ. ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಹಾರಿದ.

ಡಿಕ್ಕಿಯಾಯಿತು. ದೇವರು ದೊಡ್ಡವನು, ವೇಗ ಇಳಿದಿತ್ತು. ಒಂದು ಖಾಲಿ ಡಬ್ಬಿ ಹಳಿ ಬಿಟ್ಟು ಇಳಿಯಿತು. ಒಬ್ಬ ಅಜ್ಜಿಯ ಹಲ್ಲು ಮುರಿಯಿತು. ಹತ್ತಾರು ಜನರ ಹಣೆ ಬಾತವು. ಇಂಜಿನ್ನಿನಲ್ಲಿ ಫಕೀರಪ್ಪ ಬ್ರೇಕಿನ ಹಿಡಿ ಬಿಡದೆ ನಿಂತಿದ್ದ. ನಾನು ಸಿಗ್ನಲ್ ನೋಡಿದೆ. ಕೈ ಅಡ್ಡವೇ ಇತ್ತು.

ಸಂಜೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಫಕೀರಪ್ಪ, "ಕೈ ಇಳದಿತ್ರಿ, ಅದಕ್ಕ ಬಂದೆ," ಎಂದು ಬರೆದುಕೊಟ್ಟಿದ್ದ. ಅವನಿಗೆ ನಾಲ್ಕು ಹೆಣ್ಣುಮಕ್ಕಳು. ನಿಜ ಹೇಳಿದರೆ ಕೆಲಸ ಹೋಗುತ್ತಿತ್ತು. ಸುಳ್ಳು ಹೇಳಿದರೆ ಮಾಳಪ್ಪನದು ಹೋಗುತ್ತಿತ್ತು. ಇನ್ಸ್‌ಪೆಕ್ಟರರಿಗೆ ಆ ಉತ್ತರ ಬಹಳ ಇಷ್ಟವಾಯಿತು. ಮಾಳಪ್ಪ ಸನ್ನೆ ಎಳೆದು, ಗಾಡಿ ಒಳಗೆ ಬಂದ ಮೇಲೆ ತಿರುಗಿ ಹಾಕಿದ್ದಾನೆ ಎಂದು ಅಲ್ಲೇ ತೀರ್ಮಾನವಾಯಿತು. ಹಳಿಯ ಮೇಲೆ ಇಂಜಿನ್ನಿಗೆ ಎದುರಾಗಿ ಓಡುತ್ತಲೇ ಹಿಂದಿನ ಸನ್ನೆಯನ್ನೂ ಬದಲಿಸುವ ಮಾಳಪ್ಪನ ಸಾಮರ್ಥ್ಯದ ಬಗ್ಗೆ ಸಾಹೇಬರಿಗೆ ಸಂಶಯವೇ ಬರಲಿಲ್ಲ. ಅವನನ್ನು ಸಸ್ಪೆಂಡ್ ಮಾಡಿದರು.

ಮರುದಿನ ಬೆಳಿಗ್ಗೆ ನೋಡಿದರೆ ತಿರುವಿನಲ್ಲಿ ಬೋರ್ಡಿರಲಿಲ್ಲ. ಕಂಬಗಳೂ ಇರಲಿಲ್ಲ.

ಆಗ ನನಗೆ ಮಗಳ ಮಾತು ನೆನಪಾಯಿತು. ಮನೆಗೆ ಬಂದು, ಬಾಗಿಲು ಹಾಕಿ, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದೆ. ಹಲಗೆಯ ಮೇಲಿನ ಬೋರ್ಡು ನಿಂತೇ ಇತ್ತು. ಇಂಜಿನ್ನನ್ನು ಇಂಚಿಂಚಾಗಿ ಸರಿಸಿದೆ. ಕೈ ಕಾಣಲಿಲ್ಲ. ಕಂಡಾಗ, ಗಾಡಿಯನ್ನು ನಿಲ್ಲಿಸಲು ಬೇಕಾದಷ್ಟು ಹಳಿ ಉಳಿದಿರಲಿಲ್ಲ. ಎದ್ದು ನೋಡಿದರೆ ಶಾಂತವ್ವ ನಿಂತಿದ್ದಳು.

"ಇದನ್ನ ಹೇಳಿದ್ರ ನಾ ಸಿಕ್ಕಿಬೀಳತೇನಿ. ರಿಜಿಸ್ಟರಿನಾಗ ನನ್ನ ಸಹಿ ಐತಿ," ಎಂದೆ.

"ಹೌದು. ಸಹಿ ಮಾಡೂಮುಂದ ಮಲಗಿ ನೋಡಬೇಕಾಗಿತ್ತು," ಎಂದಳು. "ಮಾಳಪ್ಪನ ಹೇಣ್ತಿ ಮುಂಜಾನೆ ಬಂದಿದ್ಲು. ನನ್ನ ಮುಂದ ಅಳಲಿಲ್ಲ. ಅತ್ತಿದ್ರ ಛಲೋ ಇತ್ತು," ಎಂದು ಒಳಗೆ ಹೋದಳು.

ವಿಚಾರಣೆಗೆ ಮೂವರು ಅಧಿಕಾರಿಗಳು ಬಂದರು. ಅವರಲ್ಲಿ ಹಿರಿಯರು ಒಬ್ಬ ಸ್ಥೂಲಕಾಯದ ಇಂಜಿನಿಯರ್. ಪ್ಯಾಸೆಂಜರುಗಳು ಕೂರುವ ಕೋಣೆಯಲ್ಲಿ ಮೇಜು ಹಾಕಿ ಕೂತರು. ಫಕೀರಪ್ಪ ಕೈ ಇಳಿದಿತ್ತೆಂದ. ಮಾಳಪ್ಪ ಇಳಿದಿರಲಿಲ್ಲವೆಂದ. ನಾನು ಬೋರ್ಡಿನ ಮಾತೆತ್ತಿದೆ.

"ಯಾವ ಬೋರ್ಡು?" ಎಂದರು ಇನ್ಸ್‌ಪೆಕ್ಟರ್. "ಅಲ್ಲಿ ಅಂಥ ಬೋರ್ಡು ಇರಲೇ ಇಲ್ಲ." ನಾನು ಸಹಿ ಮಾಡಿದ ರಿಜಿಸ್ಟರ್ ಅವರ ಹತ್ತಿರವೇ ಇತ್ತು, ಮೇಜಿನ ಮೇಲೆ ಬಂದಿರಲಿಲ್ಲ.

"ನಮ್ಮ ಮನೆಯಲ್ಲಿ ಇನ್ನೂ ಇದೆ ಸರ್. ದಯಮಾಡಿ ಬಂದು ನೋಡಬೇಕು," ಎಂದೆ.

ಇನ್ಸ್‌ಪೆಕ್ಟರ್ ನಕ್ಕರು. ಮಕ್ಕಳ ಆಟಿಕೆಯನ್ನು ಸಾಕ್ಷಿ ಎನ್ನುತ್ತಾರೆಂದು ಅಧಿಕಾರಿಗಳಿಗೆ ವಿವರಿಸಿದರು. ಆದರೆ ಹಿರಿಯರಿಗೆ ಸೆಕೆಯಾಗಿತ್ತು. "ಮನೆಯಲ್ಲಿ ಚಹಾ ಸಿಗುತ್ತದೆಯೇ?" ಎಂದು ಕೇಳಿ ಎದ್ದರು. ನ್ಯಾಯದ ದಾರಿ ಹೀಗೂ ಇರುತ್ತದೆ.

ಸುವರ್ಣಾ ಅವರಿಗೆ ಸಲೀಸಾಗಿ ಹೇಳಿದಳು: "ನಿಂತು ನೋಡಿದ್ರ ತಿಳಿಯಂಗಿಲ್ರಿ. ಮಲಗಬೇಕು."

ಅವರು ಒಂದು ಗಳಿಗೆ ಅವಳನ್ನು ನೋಡಿದರು. ಟೊಪ್ಪಿಗೆ ತೆಗೆದು ನಮ್ಮವ್ವನ ಕೈಗೆ ಕೊಟ್ಟು, ಮೊದಲು ಮೊಣಕಾಲೂರಿ, ಆಮೇಲೆ ಉಸ್ಸೆಂದು ನೆಲಕ್ಕೆ ಒರಗಿದರು. ಸುವರ್ಣಾ ಇಂಜಿನ್ ನೂಕಿದಳು.

"ಇಲ್ಲಿ ಕಾಣತೈತೇನ್ರಿ?"

"ಇಲ್ಲ."

"ಇಲ್ಲಿ?"

"ಇಲ್ಲ."

"ಈಗ?"

"ಕಂಡಿತು."

"ಈಗ ಬ್ರೇಕ್ ಹಾಕಿದ್ರ ಗಾಡಿ ಅಲ್ಲೀತನಾ ಬರತೈತ್ರಿ," ಎಂದು ಡಬ್ಬಿಗಳಿದ್ದ ಜಾಗಕ್ಕೆ ಬೆರಳಿಟ್ಟಳು.

ಅವರು ನೆಲದ ಮೇಲಿಂದಲೇ ಕೇಳಿದರು: "ಇದು ನಿನಗೆ ಯಾವಾಗ ಗೊತ್ತಾಯಿತಮ್ಮ?"

"ಬೋರ್ಡು ಹಚ್ಚಿದ ದಿನಾನ."

"ಯಾರಿಗಾದರೂ ಹೇಳಿದೆಯಾ?"

ಮಗಳು ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಯಾವ ರಿಜಿಸ್ಟರಿನಲ್ಲೂ ಬರೆದಿಲ್ಲ. "ಇಲ್ರಿ. ಯಾರಿಗೂ ಹೇಳಲಿಲ್ಲ," ಎಂದಳು.

ಅಲ್ಲಿಗೇ ಮುಗಿದಿದ್ದರೆ ನನಗೆ ಕ್ಷೇಮವಿತ್ತು. ನಾನು ಒಂದು ಹೆಜ್ಜೆ ಮುಂದೆ ಬಂದೆ. "ಹೇಳಿದ್ದಳು ಸರ್. ನನಗೇ ಹೇಳಿದ್ದಳು. ನಾನು ಕೇಳಲಿಲ್ಲ. ಅಡ್ಡಿಯಿಲ್ಲ ಎಂದು ಸಹಿ ಮಾಡಿದವನೂ ನಾನೇ."

ಹಿರಿಯರು ಎದ್ದು, ಅಂಗಿ ಝಾಡಿಸಿಕೊಂಡು, ಚಹಾ ಕುಡಿಯದೆ ನೇರ ತಿರುವಿಗೆ ನಡೆದರು. ಕಂಬ ಕಿತ್ತ ಎರಡು ಗುಣಿಗಳನ್ನು ಯಾರೋ ಹೊಸ ಮುರಮು ಮಣ್ಣು ಹಾಕಿ ಮುಚ್ಚಿದ್ದರು. ಅವರು ಬೂಟಿನ ತುದಿಯಿಂದ ಒತ್ತಿದರು. ನೆಲ ಕುಸಿಯಿತು. ಇನ್ಸ್‌ಪೆಕ್ಟರ್ ಸಾಹೇಬರು ಆಕಾಶ ನೋಡುತ್ತಿದ್ದರು. ಹಿಂದೆ ನಿಂತಿದ್ದ ಫಕೀರಪ್ಪ ಅಲ್ಲೇ ಹಳಿಯ ಮೇಲೆ ಕುಸಿದು ಕೂತ.

"ಮಾಳ್ಯಾ, ನಂದು ತಪ್ಪಾತೋ," ಎಂದ. "ಕೈ ಇಳದಿರಲಿಲ್ಲ. ನನಗ ಕಾಣಲಽ ಇಲ್ಲ."

ಮಾಳಪ್ಪ ಮೊದಲು ಆ ಎರಡು ಗುಣಿಗಳನ್ನು ನೋಡಿದ. ಆಮೇಲೆ, "ಏಳಲೇ, ಹಳಿ ಕಾದಾವು," ಎಂದು ಕೈ ಕೊಟ್ಟು ಎಬ್ಬಿಸಿದ.

ಇಲಾಖೆಯ ನ್ಯಾಯ ಹೀಗೆ ಬಂತು. ಮಾಳಪ್ಪನನ್ನು ಕೆಲಸಕ್ಕೆ ವಾಪಸು ತೆಗೆದುಕೊಂಡರು. ಇನ್ನು ಮೇಲೆ ಜಾಗ್ರತೆಯಿಂದ ಇರಬೇಕೆಂದು ಎಚ್ಚರಿಕೆಯನ್ನೂ ಕೊಟ್ಟರು, ಮಾಡದ ತಪ್ಪನ್ನು ಮತ್ತೆ ಮಾಡಬಾರದೆಂದು. ಫಕೀರಪ್ಪನನ್ನು ಪ್ಯಾಸೆಂಜರ್‌ನಿಂದ ಗೂಡ್ಸಿಗೆ ಇಳಿಸಿದರು. ನನಗೆ ಲಿಖಿತ ಛೀಮಾರಿ ಮತ್ತು ವರ್ಗ. ಇನ್ಸ್‌ಪೆಕ್ಟರ್ ಸಾಹೇಬರನ್ನು ಸುರಕ್ಷತೆಯ ಪಾಠ ಹೇಳಲು ತರಬೇತಿ ಶಾಲೆಗೆ ಕಳಿಸಿದರು. ಅವರ ಕೈಯಲ್ಲಿ ಕಲಿತವರು ಎಂಬತ್ತರ ದಶಕದಲ್ಲಿ ನನ್ನ ಮೇಲಧಿಕಾರಿಗಳಾಗಿ ಬಂದರು. ಅವರ ಸುಣ್ಣದ ಜ್ಞಾನ ಅಪಾರವಾಗಿತ್ತು.

ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಕಾರಣ ಹೇಳಿದಳು. "ನಾ ನಿನ್ನ ಸಲುವಾಗಿ ಸುಳ್ಳ ಹೇಳಿದೆ. ನೀ ಖರೆ ಹೇಳಿ ಎಲ್ಲಾರ ಮುಂದ ನನ್ನ ಸುಳ್ಳಿ ಮಾಡಿದಿ."

"ತಪ್ಪಾತವಾ," ಎಂದೆ.

"ಇನ್ನ ಮ್ಯಾಲೆ ಹೇಳಿದ್ರ ಮಲಗಿ ನೋಡತೀಯೇನು?"

"ನೋಡತೇನಿ."

ನೋಡಿದ್ದೇನೆ ಕೂಡ. ಮುಂದೆ ಎಲ್ಲಿಗೆ ವರ್ಗವಾದರೂ ಮೊದಲ ದಿನವೇ ಹಳಿಯ ಗುಂಟ ಹೊರಗೆ ಹೋಗಿ, ಡ್ರೈವರ್ ಎಲ್ಲಿಂದ ನೋಡುತ್ತಾನೋ ಅಲ್ಲಿಂದ ಸಿಗ್ನಲ್ ನೋಡುತ್ತಿದ್ದೆ. ಕಲ್ಲಿನ ಮೇಲೆ ಹತ್ತುತ್ತಿದ್ದೆ, ಕೂರುತ್ತಿದ್ದೆ. ಹೊಸ ಮಾಸ್ತರನಿಗೆ ತಲೆ ಸರಿಯಿಲ್ಲ ಎಂದು ಪ್ರತಿ ಊರಿನಲ್ಲೂ ಎಂದರು. ಉಗಿ ಹೋಗಿ ಡೀಸೆಲ್ ಬಂತು, ಗುಂಡು ಹೋಗಿ ಗುಂಡಿ ಒತ್ತುವ ಯಂತ್ರ ಬಂತು. ಈಗ ಪರದೆಯ ಮೇಲೆ ಎಲ್ಲವೂ ಕಾಣುತ್ತದಂತೆ. ಕಾಣಲಿ. ಹೊಸಬರು ವಾರಕ್ಕೊಮ್ಮೆಯಾದರೂ ಕುರ್ಚಿ ಬಿಟ್ಟು ಹೊರಗೆ ಹೋಗಿ ನೋಡಿದರೆ ನಷ್ಟವೇನಿಲ್ಲ.

ವರ್ಗವಾದ ದಿನ ನಮ್ಮ ಹಲಗೆ ಕ್ವಾರ್ಟರ್ಸಿನ ಬಾಗಿಲಲ್ಲಿ ಹಾಯಲಿಲ್ಲ. ಕಟ್ಟುವಾಗ ಅದನ್ನು ಯಾರೂ ಅಳೆದಿರಲಿಲ್ಲ. ಮಾಳಪ್ಪ ಗರಗಸ ತಂದು ಮೂರು ತುಂಡು ಮಾಡಿದ. ಇಳಕಲ್ಲಿನ ತುಂಡನ್ನು ಶಾಂತವ್ವ ಯಾರ ಕೈಗೂ ಕೊಡದೆ ತಾನೇ ಹೊತ್ತಳು. ಸಾಮಾನನ್ನೆಲ್ಲ ಗೂಡ್ಸ್ ಡಬ್ಬಿಯಲ್ಲಿ ಹಾಕಿದೆವು. ಇಂಜಿನ್ನಿನಲ್ಲಿ ಫಕೀರಪ್ಪನೇ ಇದ್ದ. ಇಳಿದು ಬಂದು, ಮಸಿ ಕೈಯನ್ನು ಹೆಗಲ ವಸ್ತ್ರಕ್ಕೆ ಒರೆಸಿಕೊಂಡು, ಸುವರ್ಣಾಳ ಮುಂದೆ ನಿಂತ.

"ಬಾರವಾ, ಇಂಜಿನ್ ತೋರಸ್ತೇನಿ," ಎಂದ.

ಹೊರಗಿನವರನ್ನು ಇಂಜಿನ್ನಿಗೆ ಹತ್ತಿಸುವುದು ನಿಯಮದ ಪ್ರಕಾರ ಅಪರಾಧ. ನಾನು ಚಾರ್ಜು ಒಪ್ಪಿಸಿ ಅರ್ಧ ತಾಸಾಗಿತ್ತು. ಬೇವಿನ ಗಿಡದ ಕಡೆ ನೋಡುತ್ತಾ ನಿಂತೆ. ಫಕೀರಪ್ಪ ಅವಳನ್ನು ಎತ್ತಿ ತನ್ನ ಜಾಗದಲ್ಲಿ ನಿಲ್ಲಿಸಿದ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಮಾಳಪ್ಪ ಸನ್ನೆಗೆ ಕೈ ಹಾಕಿದ್ದು ಕಂಡಿತು.

"ಕೈ ಕಾಣತೈತೇನವಾ?" ಎಂದು ಫಕೀರಪ್ಪ ಕೇಳಿದ.

ಸುವರ್ಣಾ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನೋಡಿದಳು. "ಕಾಣತೈತಿ."

"ಹೆಂಗೈತಿ?"

"ಅಡ್ಡ ಐತಿ."

ಫಕೀರಪ್ಪ ಕೈಕಟ್ಟಿ ನಿಂತ. ಮಾಳಪ್ಪ ಸನ್ನೆ ಎಳೆದ. ತಂತಿ ಕಿರುಗುಟ್ಟಿತು.

"ಈಗ?"

ಅವಳು ಅವಸರ ಮಾಡಲಿಲ್ಲ. ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿ, ಒಳಗೆ ತಿರುಗಿ ಹೇಳಿದಳು:

"ಇಳದೈತಿ. ಸೀಟಿ ಹಾಕ್ರಿ."